ಹನ್ನೆರಡು ಡಬ್ಬಿ ಉಬ್ಬಿದ ಸೋಪು

ಉಬ್ಬಿದ ಸೋಪು ಎಂಬ ವಸ್ತುವಿನ ಹೆಸರು ಬೇಕರಿಯಮ್ಮನ ಕಿವಿಗೆ ಮೊದಲ ಸಲ ಬಿದ್ದದ್ದು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಆಗ ಅವರು ಅಡುಗೆಮನೆಯ ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ನಲವತ್ತು ವರ್ಷ ನಡೆಸಿದ ಬೇಕರಿಯ ಬಾಗಿಲು ತೆರೆದ ದಿನ ಮೊದಲ ಗಿರಾಕಿ ಯಾವ ಬಣ್ಣದ ಅಂಗಿ ತೊಟ್ಟಿದ್ದ ಎಂಬುದನ್ನೂ ಮರೆಯದ ಹೆಂಗಸು ಅದು. ಆದ್ದರಿಂದ ಆ ಮಂಗಳವಾರ ಸುಲಿದ ಬಟಾಣಿಯಲ್ಲಿ ಮೂರು ಹುಳುಕಿದ್ದವು ಎಂದು ಅವರು ಹೇಳಿದರೆ ನಾವು ನಂಬಲೇಬೇಕು.

ಸೊಸೆ ಫೋನು ಹಿಡಿದುಕೊಂಡು ಬಂದಳು. "ಅತ್ತೆ, ಬೀರು ಮೇಲಿರೋ ನಿಮ್ಮ ಬೀಟರ್ ಮೆಷಿನ್ ಇನ್ನೂ ಓಡುತ್ತಾ?"

"ಕೇಕಾ?" ಎಂದರು ಬೇಕರಿಯಮ್ಮ. ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ದೀಪ ಹತ್ತಿತು.

"ಅಲ್ಲ. ಸೋಪು ಕಡೆಯೋಕೆ."

ದೀಪ ಆರಿತು.

ಸೊಸೆ ಫೋನಿನ ಪರದೆಯನ್ನು ಅವರ ಕಣ್ಣಿನ ಮುಂದೆ ಹಿಡಿದು ವಿವರಿಸಿದಳು. ಅದರೊಳಗೆ ಉಗುರಿಗೆ ಗುಲಾಬಿ ಬಣ್ಣ ಬಳಿದುಕೊಂಡ ಒಬ್ಬಾಕೆ (ಆ ಉಗುರು ನೋಡಿದರೆ ಜನ್ಮದಲ್ಲಿ ಒಂದು ಪಾತ್ರೆ ತೊಳೆದವಳಲ್ಲ) ನಗುನಗುತ್ತಾ ಕೆಲಸ ಮಾಡುತ್ತಿದ್ದಳು. ನಾದಿದ ಹಿಟ್ಟಿನಂಥ ಬಿಳಿ ಸೋಪು ಡಬ್ಬದಲ್ಲಿ ಸಿಗುತ್ತದಂತೆ. ಅದನ್ನು ಎರಡರಷ್ಟು ಉಬ್ಬುವ ತನಕ ಕಡೆಯಬೇಕಂತೆ. ಒಂದಿಷ್ಟು ಎಣ್ಣೆ, ಒಂದಿಷ್ಟು ಸುವಾಸನೆ, ಕೆಡದಿರಲೆಂದು ಔಷಧದ ನಾಲ್ಕು ಹನಿ, ಕೊನೆಗೆ ಸಕ್ಕರೆ. ಸ್ನಾನ ಮಾಡುವಾಗ ಒಂದು ಉಂಡೆಯಷ್ಟು ತೆಗೆದು ಮೈಗೆ ಉಜ್ಜಿಕೊಂಡರೆ ಹಳೆಯ ಚರ್ಮವೆಲ್ಲ ಹೋಗಿ ಹೊಸದು ಬರುತ್ತದಂತೆ. ಹೆಸರು ಶುಗರ್ ಸ್ಕ್ರಬ್.

ಬೇಕರಿಯಮ್ಮ ಪೂರ್ತಿ ಕೇಳಿಸಿಕೊಂಡರು. ಬಟಾಣಿ ಸುಲಿಯುವುದು ನಿಂತಿತ್ತು.

"ಸೋಪು ಅಂದ್ರೆ ಕೈಜಾರಿ ಕಾಲಿನ ಮೇಲೆ ಬಿದ್ರೆ ನೋಯ್ಬೇಕು," ಎಂದರು. "ಇದು ಬಿದ್ರೆ ಬಿತ್ತು ಅಂತಾನೂ ಗೊತ್ತಾಗಲ್ಲ. ಗಾಳಿ ತುಂಬಿ ಮಾರೋ ಸೋಪು. ಅದಕ್ಕೆ ಸಕ್ಕರೆ ಬೇರೆ. ಸ್ನಾನ ಯಾರಿಗಮ್ಮಾ, ನಮಗೋ ಇರುವೆಗೋ?"

ಮೆಷಿನ್ ವಿಷಯ ಅಲ್ಲಿಗೇ ಮುಗಿಯಿತು. ಆ ಮೆಷಿನ್ ಅಂದರೆ ಏನೆಂದು ತಿಳಿಯಬೇಕಾದರೆ ಅದರ ಪೂರ್ವಚರಿತ್ರೆ ತಿಳಿಯಬೇಕು. ಬೇಕರಿಯಲ್ಲಿ ಒಲೆಯ ಕೆಲಸ ಯಜಮಾನರದ್ದು, ಕೇಕಿನ ಮೇಲಿನ ಐಸಿಂಗ್ ಈಕೆಯದ್ದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು ಕೇಕಿನ ಮೇಲೆ ಊರವರ ಮಕ್ಕಳ ಹೆಸರನ್ನೆಲ್ಲ ತಪ್ಪಿಲ್ಲದೆ ಬರೆದರು. ಅಕ್ಷರ ಮರೆಯದೆ ಉಳಿದದ್ದೇ ಹಾಗೆ. ಯಜಮಾನರು ಹೋದ ಮೇಲೆ ಬೇಕರಿ ಮುಚ್ಚಿತು. ಈಗ ಅಲ್ಲಿ ಫೋನಿಗೆ ಹಾಕುವ ಅಂಗಿ ಮಾರುತ್ತಾರೆ. ಬೇಕರಿಯಮ್ಮ ಮನೆಗೆ ತಂದದ್ದು ಬೀರುವಿನ ಮೇಲೆ ಹಳೆ ಬೆಡ್‌ಶೀಟು ಹೊದ್ದು ಕೂತಿದ್ದ ಆ ಮೆಷಿನ್ ಮತ್ತು ಸೀರೆಗಳ ಕೆಳಗೆ ಮಲಗಿದ್ದ ಒಂದು ತಂತಿಯ ಕಡೆಗೋಲು. ಜೊತೆಗೆ, ಬೇರೆ ಯಾರೇ ಕ್ರೀಮು ಮಾಡಲಿ, ಅರ್ಧ ಚಮಚ ರುಚಿ ನೋಡಿ ಕೆಳಗಿಟ್ಟುಬಿಡುವ ಒಂದು ಮುಖಭಾವ. ಇದು ಮಾತ್ರ ದಿನಬಳಕೆಯಲ್ಲಿತ್ತು.

ಸೊಸೆ ಪುಟ್ಟದೊಂದು ಕೈಬೀಟರ್ ತರಿಸಿಕೊಂಡಳು. ಅದು ಓಡುವಾಗ ಬಾಟಲಿಯೊಳಗೆ ಸಿಕ್ಕಿಬಿದ್ದ ನೊಣದಂತೆ ಸದ್ದು ಮಾಡುತ್ತಿತ್ತು ಎಂದು ಬೇಕರಿಯಮ್ಮನ ಅಭಿಪ್ರಾಯ.

ಸೊಸೆಗೆ ಈ ಹುಚ್ಚು ಸುಮ್ಮನೆ ಹಿಡಿದದ್ದಲ್ಲ. ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಒಂಬತ್ತು ವರ್ಷ ಜನರ ಮೂಗು ಕಿವಿ ಅಳೆಯುತ್ತಿದ್ದವಳು. ಅಂಗಡಿ ಮುಚ್ಚಿ ಎಂಟು ತಿಂಗಳಾಗಿತ್ತು. ಅಂದಿನಿಂದ ಅಳೆಯಲು ಮೂಗಿಲ್ಲದೆ ಮನೆಯ ಒಂದೊಂದು ಕಪಾಟನ್ನೂ ಎರಡೆರಡು ಸಲ ಓರಣ ಮಾಡಿಟ್ಟಿದ್ದಳು. ಸಾಸಿವೆ ಎಂದು ಬರೆದ ಡಬ್ಬಿಯಲ್ಲಿ ಸಾಸಿವೆಯೇ ಇರತೊಡಗಿ ಬೇಕರಿಯಮ್ಮನಿಗೆ ಅಡುಗೆಮನೆಯಲ್ಲಿ ಒಂದು ಸಾಮಾನೂ ಸಿಗದಂತಾಗಿತ್ತು.

ಬೀದಿಯ ತಿರುವಿನಲ್ಲಿ ಒಂದು ಬ್ಯೂಟಿ ಪಾರ್ಲರ್. ಅದರ ಒಡತಿ ಹುಬ್ಬನ್ನು ದೇವರು ಇಟ್ಟ ಜಾಗಕ್ಕಿಂತ ಅರ್ಧ ಬೆರಳು ಮೇಲೆ ಬರೆದುಕೊಳ್ಳುವವಳು. ಹಾಗಾಗಿ ಯಾರು ಏನು ಹೇಳಿದರೂ ಅವಳಿಗೆ ಆಶ್ಚರ್ಯವಾದಂತೆ ಕಾಣುತ್ತಿತ್ತು. ಸೊಸೆ ಸೋಪಿನ ಮಾತೆತ್ತಿದಾಗ ಆಕೆ ಒಂದು ಷರತ್ತು ಹಾಕಿದಳಂತೆ. ಮುಂದಿನ ವಾರದ ಶುಕ್ರವಾರ ಬೆಳಿಗ್ಗೆ ಹನ್ನೆರಡು ಡಬ್ಬಿ ಸ್ಕ್ರಬ್ ತಂದುಕೊಡಬೇಕು. ಬಿಸಿಲು ಬೀಳುವ ಕಿಟಕಿಯ ಹಲಗೆಯ ಮೇಲೆ ಅವು ಒಂದು ವಾರ ಕೂರುತ್ತವೆ. ಒಂದೂ ಕುಸಿಯದೆ ನಿಂತರೆ ಅವಳ ಪಾರ್ಲರಿಗೆ ಪ್ರತಿ ತಿಂಗಳೂ ಇದೇ ಸೋಪು. ಒಂದು ಕುಸಿದರೂ ಮತ್ತೆ ಈ ಕಡೆ ಬರುವಂತಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಸೊಸೆ ಇದನ್ನು ಹೇಳಿದಳು. ಎಂಟು ತಿಂಗಳಲ್ಲಿ ಮೊದಲ ಸಲ ಅವಳ ದನಿಯಲ್ಲಿ ಎಂಥದೋ ಚುರುಕು ಕಂಡು ಮಗ ಅಗಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದ. ಬೇಕರಿಯಮ್ಮನೂ ನೋಡಿದರು. ನೋಡಿ, ಮೂಗು ಮುರಿದರು.

ಸೋಮವಾರ ಮೊದಲ ಕಡೆತ. ಬೇಕರಿಯಮ್ಮ ಸ್ಟೂಲಿನ ಮೇಲೆ ಮುಂದಿನ ಸಾಲಿನ ಪ್ರೇಕ್ಷಕರಂತೆ ಕೂತರು. ಸೋಪು ಗಟ್ಟಿಯಾಗಿದೆ ಎಂದು ಸೊಸೆ ಅದನ್ನು ಒಲೆಯ ಮೇಲಿಟ್ಟು ನೀರು ನೀರಾಗುವ ತನಕ ಬಿಸಿ ಮಾಡಿದಳು. ಆಮೇಲೆ ಅದೇ ಒಲೆಯ ಪಕ್ಕದಲ್ಲೇ ನಿಂತು ಕಡೆದಳು. ಬಿಸಿಯಲ್ಲಿ ನೊರೆ ಏಳುತ್ತದೆಯೇ? ಅದರ ಮೇಲೆ, ತಲೆಗೆ ಹಚ್ಚಿಕೊಳ್ಳಲು ಸಾಕಾಗುವಷ್ಟು ಎಣ್ಣೆಯನ್ನು ಒಂದೇ ಸಲಕ್ಕೆ ಸುರಿದಳು. ಎಣ್ಣೆ ಬಿದ್ದ ನೊರೆ ಸೂಜಿ ತಾಗಿದ ಬಲೂನಿನಂತೆ. ಇನ್ನು ಸಕ್ಕರೆಯನ್ನೋ, ಕಡೆಯುವ ಮೊದಲೇ ಹಾಕಿ ಕೂತಿದ್ದಳು. ಒಂದೊಂದು ತಪ್ಪಿಗೂ ಬೇಕರಿಯಮ್ಮನ ಎಡಗಣ್ಣು ಒಂದೊಂದು ಸಲ ಹೊಡೆದುಕೊಂಡಿತು. ಬಾಯಿ ಮಾತ್ರ ತೆರೆಯಲಿಲ್ಲ. ಸೋಪಿಗೆ ಬುದ್ಧಿ ಹೇಳುವ ದರ್ದು ಅವರಿಗೇನಿತ್ತು?

ಸಂಜೆಗೆ ಬಟ್ಟಲಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿತ್ತು. ಮೇಲಿನ ಅಂತಸ್ತಿನಲ್ಲಿ ಎಣ್ಣೆ, ನಡುವೆ ಬಡಕಲು ನೊರೆ, ಕೆಳಗಿನ ಅಂತಸ್ತಿನಲ್ಲಿ ಸಕ್ಕರೆ ಪಾಕ ಮತ್ತು ಕರಗದೆ ಉಳಿದ ಹರಳು.

"ಒಳ್ಳೇ ಮನೆ ಕಟ್ಟಿದೀಯ," ಎಂದರು ಬೇಕರಿಯಮ್ಮ. "ಬಾಡಿಗೆಗೆ ಕೊಡ್ಬಹುದು."

ಮಗ ಲಿಫ್ಟ್ ಮೆಕ್ಯಾನಿಕ್. ಅವನ ಬೆರಳಿನ ಗೆರೆಗಳಲ್ಲಿ ಮದುವೆಗೂ ಮುಂಚಿನ ಗ್ರೀಸ್ ಇನ್ನೂ ವಾಸವಾಗಿತ್ತು. ಕೆಲಸದಿಂದ ಬಂದವನು ಹೇಗೂ ಚೆಲ್ಲುವುದು ತಾನೇ ಎಂದು ಬಟ್ಟಲಿನ ತಳದಿಂದ ಒಂದು ಹಿಡಿ ತೆಗೆದು ಕೈಗೆ ಉಜ್ಜಿಕೊಂಡ. ಕರಕರ ಸದ್ದಾಯಿತು. ತೊಳೆದು ನೋಡಿದರೆ ಅವನಿಗೇ ಅವನ ಕೈಯ ಗುರುತು ಹತ್ತಲಿಲ್ಲ.

"ಅಮ್ಮ, ನೋಡಿಲ್ಲಿ," ಎಂದು ಎರಡೂ ಅಂಗೈ ಮುಂದೆ ಹಿಡಿದ.

"ಮದುವೆ ದಿನ ಇಷ್ಟು ತೊಳ್ಕೊಂಡಿದ್ರೆ ಫೋಟೋ ನೆಟ್ಟಗೆ ಬರ್ತಿತ್ತು," ಎಂದು ಅವರು ಒಳಗೆ ಹೋದರು. ಹೋಗುವಾಗ ಕಣ್ಣಿಗೆ ಟವೆಲ್ ಬಿತ್ತು. ದಿನವೂ ಅದರ ಮೇಲೆ ಮೂಡುತ್ತಿದ್ದ ಹತ್ತು ಕರಿ ಬೆರಳು ಅಂದು ಇರಲಿಲ್ಲ. ಟವೆಲ್ ಹೊಸದಿರಬೇಕು ಎಂದುಕೊಂಡರು. (ಟವೆಲಿಗೆ ಆರು ವರ್ಷ.)

ಬುಧವಾರ ಎರಡನೇ ಕಡೆತ. ಈ ಸಲ ಎಣ್ಣೆ ಕಡಿಮೆ, ಬಿಸಿಯೂ ಕಡಿಮೆ. ಆದರೆ ನೊರೆ ಎದ್ದದ್ದನ್ನು ಕಂಡು ಹಿಗ್ಗಿ ಇನ್ನೂ ಏಳಲಿ, ಇನ್ನೂ ಏಳಲಿ ಎಂದು ಮುಕ್ಕಾಲು ಗಂಟೆ ಕಡೆದಳು. ಎದ್ದದ್ದೆಲ್ಲ ನೀರಿಗೆ ಬಿದ್ದ ಹತ್ತಿಯಂತೆ ಮುದುಡಿ ಕೂತಿತು. ಅಂದು ಊಟದ ಹೊತ್ತಿಗೆ ಮಗ ತಾಯಿಯ ತಟ್ಟೆಗೆ ತಾನೇ ಬಡಿಸುತ್ತಾ, ಬಹಳ ಹುಷಾರಾಗಿ, ಅಮ್ಮನಿಗಂತೂ ಇದೆಲ್ಲ ಗೊತ್ತಿರೋದೇ ಅಲ್ಲವಾ, ಒಂದು ಸಲ ಹೇಳಿಕೊಟ್ಟರೆ ಆಗದಾ ಎಂದು ಕೇಳಿದ.

ಬೇಕರಿಯಮ್ಮ ಕೈಯನ್ನು ತಟ್ಟೆಯಿಂದ ಮೇಲೆತ್ತಿ ಸಭೆಗೆ ತೋರಿಸಿದರು. ಅದು ಭೀಷ್ಮ ಪ್ರತಿಜ್ಞೆಯೇ ಸರಿ. "ನಲವತ್ತು ವರ್ಷ ಕೇಕಿಗೆ ಕಡೆದ ಕೈ ಇದು. ಇದು ಸೋಪಿನ ಬಟ್ಟಲಿಗೆ ಇಳಿದ ದಿನ ನನ್ನನ್ನ ಯಾರೂ ಬೇಕರಿಯಮ್ಮ ಅಂತ ಕರೀಬೇಡಿ."

"ಬೇಡ ಬಿಡಿ ಅತ್ತೆ," ಎಂದಳು ಸೊಸೆ, ತಲೆ ಎತ್ತದೆ. "ಮುಟ್ಟದೆ ಇದ್ರೆ ಸಾಕು."

ಇದು ಬೇಕರಿಯಮ್ಮನಿಗೆ ನಾಟಿತು. ತಾನು ಮುಟ್ಟುವುದಿಲ್ಲ ಎನ್ನುವುದು ಬೇರೆ, ತನಗೇ ಮುಟ್ಟಬೇಡ ಎನ್ನುವುದು ಬೇರೆ. ಏನಾದರೂ ಹೇಳದೆ ಏಳುವುದು ಹೇಗೆ? ಇನ್ನೊಂದು ವಿಷಯ ಹಿಡಿದರು. ನೋಡಲಿಕ್ಕೆ ಇದು ಥೇಟು ಕೇಕಿನ ಕ್ರೀಮಿನಂತಿದೆ, ಯಾರಾದರೂ ದಡ್ಡರು ಬಾಯಿಗೆ ಹಾಕಿಕೊಂಡರೆ ಮನೆಯ ಮರ್ಯಾದೆ ಹೋಗುತ್ತದೆ, ಆದ್ದರಿಂದ ಒಂದೊಂದು ಡಬ್ಬಿಯ ಮೇಲೂ ದೊಡ್ಡದಾಗಿ ಬರೆದು ಅಂಟಿಸಬೇಕು. ಸೊಸೆ ಯಾರೂ ಅಷ್ಟು ದಡ್ಡರಿರುವುದಿಲ್ಲ ಎಂದಳು. ಇರುತ್ತಾರೆ ಎಂದು ಇವರು. ಅರ್ಧ ಗಂಟೆ ಇದೇ ವಾಗ್ವಾದ. ಕೊನೆಗೆ ಸೊಸೆ ಕೆಂಪು ಶಾಯಿಯಲ್ಲಿ ಹನ್ನೆರಡು ಚೀಟಿ ಬರೆದಳು: 'ಇದು ತಿನ್ನುವ ವಸ್ತುವಲ್ಲ'. ಬೇಕರಿಯಮ್ಮ ಚೀಟಿಗಳನ್ನು ಒಂದೊಂದಾಗಿ ಓದಿ, ಅಕ್ಷರ ಸಾಲದು, ಇನ್ನೂ ದಪ್ಪ ಬೇಕು ಎಂದು ಎರಡು ಸಲ ತಿದ್ದಿಸಿದರು.

ಗುರುವಾರ ಮಧ್ಯಾಹ್ನ ಡಬ್ಬದಲ್ಲಿ ಉಳಿದಿದ್ದ ಕೊನೆಯ ಸೋಪು ಬಟ್ಟಲಿಗೆ ಬಿತ್ತು. ಇದು ಹೋದರೆ ಇನ್ನಿಲ್ಲ, ಬೆಳಗಾದರೆ ಶುಕ್ರವಾರ. ಸೊಸೆ ಅಳೆದು ಔಷಧದ ಹನಿ ಹಾಕಿದಳು, ಸುವಾಸನೆ ಹಾಕಿದಳು, ಕಡೆದಳು. ಅರ್ಧ ಎದ್ದು ನೊರೆ ಮುಷ್ಕರ ಹೂಡಿತು. ಬೀಟರ್ ಎತ್ತಿದರೆ ತುದಿ ನಿಲ್ಲದೆ ಪಕ್ಕಕ್ಕೆ ಮಲಗುತ್ತಿತ್ತು. ಅವಳು ಬೀಟರ್ ಕೆಳಗಿಟ್ಟು, ನೆಲದ ಮೇಲೆ ಕೂತು, ಸಾಲಾಗಿ ಜೋಡಿಸಿದ್ದ ಹನ್ನೆರಡು ಖಾಲಿ ಡಬ್ಬಿಗಳನ್ನು ನೋಡುತ್ತಾ ಉಳಿದಳು. ಅಳಲಿಲ್ಲ, ಬೈದುಕೊಳ್ಳಲೂ ಇಲ್ಲ. ಅಂಗಡಿ ಮುಚ್ಚಿದ ದಿನ ಮನೆಗೆ ಬಂದು ಹೀಗೇ ಕೂತಿದ್ದಳು ಎಂಬುದು ಬಾಗಿಲಲ್ಲಿ ನಿಂತಿದ್ದ ಬೇಕರಿಯಮ್ಮನಿಗೆ ನೆನಪಾಯಿತು. ಅವತ್ತು ಉಟ್ಟಿದ್ದ ಸೀರೆಯ ಅಂಚು ಕೂಡ.

ಸ್ವಲ್ಪ ಹೊತ್ತಿಗೆ ಎದ್ದಳು. ಡಬ್ಬಿಗಳಲ್ಲಿ ನಾಲ್ಕಕ್ಕೆ ಮುಚ್ಚಳ ಕೂರುತ್ತಿರಲಿಲ್ಲ. ಸೋಪು ನಿಲ್ಲದಿದ್ದರೂ ಮುಚ್ಚಳವಾದರೂ ಕೂರಲಿ ಎಂದುಕೊಂಡಳೋ ಏನೋ, ಬದಲಾಯಿಸಿ ತರಲು ಹೊರಟಳು. "ಬಂದು ಇನ್ನೊಂದು ಸಲ ಕಡೀತೀನಿ. ಸಕ್ಕರೆ ಆಮೇಲೆ. ಯಾರೂ ಮುಟ್ಟಬಾರದು," ಎಂದಳು ಚಪ್ಪಲಿ ಹಾಕಿಕೊಳ್ಳುತ್ತಾ.

"ಮುಟ್ಟೋಕೆ ಯಾರಿದಾರೆ ಇಲ್ಲಿ. ನಾನೊಬ್ಬಳೇ," ಎಂದರು ಬೇಕರಿಯಮ್ಮ.

ಅವರಿಗೆ ಸೊಸೆಯ ಮೇಲೆ ಕರುಣೆ ಬಂತು ಎಂದು ಬರೆದರೆ ಅವರು ಒಪ್ಪುವುದಿಲ್ಲ. ಬಂದದ್ದು ಸಿಟ್ಟು. ಅದೂ ನೊರೆಯ ಮೇಲೆ. ತನ್ನ ಮನೆಯ ಅಡುಗೆಮನೆಯಲ್ಲಿ, ತನ್ನ ಕಣ್ಣೆದುರಿಗೆ, ಒಂದು ಬಟ್ಟಲು ನೊರೆ ಎದ್ದು ನಿಲ್ಲುವುದಿಲ್ಲ ಎಂದರೆ ಏನರ್ಥ? ಒಂದೇ ಒಂದು ಬೆರಳಿನ ತುದಿ ತಾಗಿಸಿ ನೋಡಿದರು. ಬೆರಳು ಕೈಯಲ್ಲ ತಾನೇ? ಪ್ರತಿಜ್ಞೆ ಕೈಯದ್ದು. ನೊರೆ ಬೆಚ್ಚಗಿತ್ತು. ಅಯ್ಯೋ ಪೆದ್ದಿ, ಎಂದುಕೊಂಡರು. ಬೆಚ್ಚಗಿದ್ದರೆ ಯಾವ ನೊರೆ ನಿಂತೀತು.

ಮುಂದಿನದೆಲ್ಲ ನಲವತ್ತು ವರ್ಷದ ಅಭ್ಯಾಸ ತಾನಾಗಿ ಮಾಡಿದ್ದು. ಅಗಲ ಬೋಗುಣಿಗೆ ಫ್ರಿಜ್ಜಿನ ಐಸೆಲ್ಲ ಸುರಿದು ಅದರ ಮೇಲೆ ಬಟ್ಟಲನ್ನು ಕೂರಿಸಿದರು. ಸೀರೆಗಳ ಕೆಳಗಿಂದ ತಂತಿಯ ಕಡೆಗೋಲು ಹೊರಬಂತು. ಸೆರಗು ಸೊಂಟಕ್ಕೆ ಸಿಕ್ಕಿತು. ಎಪ್ಪತ್ನಾಲ್ಕು ವರ್ಷದ ಮೊಣಕೈ ಮೊದಲು ಕಿರುಗುಟ್ಟಿತು, ಆಮೇಲೆ ಲಯ ಹಿಡಿಯಿತು. ಹತ್ತು ನಿಮಿಷದಲ್ಲಿ ನೊರೆ ತಣ್ಣಗಾಗಿ, ಬೆಳ್ಳಗಾಗಿ, ಬಟ್ಟಲಿನ ಅಂಚಿಗೆ ಬಂದು ಇಣುಕಿತು. ಕಡೆಗೋಲು ಎತ್ತಿದರೆ ತುದಿ ನೆಟ್ಟಗೆ ನಿಂತು, ಮೂಗಿನಷ್ಟೇ ಬಾಗಿತು. ಹಾಗೇ ಬಾಗಬೇಕು.

ಇನ್ನು ಸಕ್ಕರೆ. ಸೊಸೆ ಎರಡು ಬಟ್ಟಲು ಅಳೆದು ಸ್ಟೀಲಿನ ಡಬ್ಬಿಯಲ್ಲಿಟ್ಟಿದ್ದಳು. ಬೇಕರಿಯಮ್ಮ ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ಉಜ್ಜಿ ನೋಡಿ ಮುಖ ಕಿವುಚಿದರು. ಇಷ್ಟಿಷ್ಟು ದಪ್ಪ ಹರಳು. ಯಜಮಾನರು ಐಸಿಂಗನ್ನು ನಾಲಿಗೆ ಮತ್ತು ಅಂಗುಳಿನ ನಡುವೆ ಒತ್ತಿ ನೋಡುತ್ತಿದ್ದರು. ಒಂದು ಹರಳು ಸಿಕ್ಕಿದರೂ ಮಾತಾಡದೆ ಇಡೀ ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಆ ಮಾತಾಡದೆ ಸರಿಸುವುದಿದೆಯಲ್ಲ, ಅದಕ್ಕಿಂತ ಎರಡು ಏಟು ಹಾಕಿದ್ದರೆ ಮೇಲಿತ್ತು. ಮೊದಲ ವರ್ಷ ಆರು ಸಲ ಸರಿಸಿದ್ದರು. ಆಮೇಲಿನ ಮೂವತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಇಲ್ಲ. ಬೇಕರಿಯಮ್ಮ ಯೋಚಿಸಲೇ ಇಲ್ಲ. ಸಕ್ಕರೆಯನ್ನು ಮಿಕ್ಸಿಗೆ ಹಾಕಿ, ಗಂಟು ಕಟ್ಟದಿರಲೆಂದು ಒಂದು ಚಮಚ ಕಾರ್ನ್‌ಫ್ಲೋರ್ ಸೇರಿಸಿ, ಹೊಗೆಯೇಳುವಷ್ಟು ನುಣ್ಣಗೆ ಪುಡಿ ಮಾಡಿದರು. ತೆಳ್ಳನೆ ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿದರು. ನೊರೆಯನ್ನು ನೋಯಿಸದಂತೆ ಮೇಲಿಂದ ಕೆಳಕ್ಕೆ ಮಡಿಚುತ್ತಾ ಬೆರೆಸಿದರು. ರೇಷ್ಮೆ. ರೇಷ್ಮೆ ಕೂಡ ಸ್ವಲ್ಪ ಒರಟು.

ಕೊನೆಯದೊಂದು ಪರೀಕ್ಷೆ ಉಳಿದಿತ್ತು. ಬೇಕರಿಯಲ್ಲಿ ಅದನ್ನು ಮಾಡದೆ ಬಟ್ಟಲು ಹೊರಗೆ ಹೋಗುತ್ತಿರಲಿಲ್ಲ. ಬೇಕರಿಯಮ್ಮ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ತಮ್ಮದೇ ತಲೆಯ ಮೇಲೆ ತಲೆಕೆಳಗಾಗಿ ಹಿಡಿದು, ಕಣ್ಣು ಮುಚ್ಚಿ ಹತ್ತರ ತನಕ ಎಣಿಸತೊಡಗಿದರು. ಒಂದು ಹನಿ ಬೀಳಲಿಲ್ಲ. ಒಂಬತ್ತಕ್ಕೆ ಹೊರಗೆ ಗೇಟಿನ ಚಿಲಕ ಸದ್ದು ಮಾಡಿತು.

ಸೊಸೆ ಒಳಗೆ ಬಂದಾಗ ಬಟ್ಟಲು ಇದ್ದಲ್ಲೇ ಇತ್ತು, ಐಸಿನ ಬೋಗುಣಿ, ಕಡೆಗೋಲುಗಳ ಸುಳಿವಿರಲಿಲ್ಲ. ಅತ್ತೆ ಸ್ಟೂಲಿನ ಮೇಲೆ ಕೂತು ಗೋಡೆ ನೋಡುತ್ತಿದ್ದರು.

"ಯಾಕತ್ತೆ ಏದುಸಿರು ಬಿಡ್ತಿದೀರಿ?"

"ವಯಸ್ಸು."

ಅಷ್ಟರಲ್ಲಿ ಅವಳ ಕಣ್ಣು ಬಟ್ಟಲಿನ ಮೇಲೆ ಬಿತ್ತು. ಮುಚ್ಚಳಗಳ ಚೀಲ ಕೈಯಿಂದ ಜಾರಿತು. ಚಮಚ ನೆಟ್ಟಳು, ಚಮಚ ನಿಂತಿತು. ಬಟ್ಟಲು ವಾಲಿಸಿದಳು, ಸೋಪು ಕದಲಲಿಲ್ಲ. ಸಕ್ಕರೆಯ ಡಬ್ಬಿ ಖಾಲಿ ಯಾಕಿದೆ ಎಂದು ಕೇಳಿದಾಗ ಅತ್ತೆ ಕಣ್ಣು ಪಿಳುಕಿಸದೆ, ಹೋಗುವ ಮುಂಚೆ ನೀನೇ ಹಾಕಿ ಹೋದೆಯಲ್ಲ, ತಲೆ ತುಂಬ ಮುಚ್ಚಳ ತುಂಬಿಕೊಂಡರೆ ಇನ್ನೇನು ನೆನಪಿರುತ್ತದೆ ಎಂದರು. ಅವಳು ನಂಬಿದಳು. ಎಂಟು ತಿಂಗಳಲ್ಲಿ ಮೊದಲ ಸಲ ಒಂದು ಕೆಲಸ ಕೈಗೂಡಿದವಳು ಏನನ್ನಾದರೂ ನಂಬುತ್ತಾಳೆ.

"ಆ ಫೋನಿನವರು ಹೇಳಿದ್ದು ನಿಜ ಅತ್ತೆ. ಕಡೆದು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ರೆ ತಾನಾಗೇ ಗಟ್ಟಿಯಾಗುತ್ತೆ ಅಂದಿದ್ರು. ಎಷ್ಟು ತಿಳ್ಕೊಂಡಿದಾರೆ ನೋಡಿ."

ನಲವತ್ತು ವರ್ಷದ ಕೀರ್ತಿ ಗುಲಾಬಿ ಉಗುರಿನವಳ ಪಾಲಾಗುವುದನ್ನು ಬೇಕರಿಯಮ್ಮ ಕಣ್ಣಾರೆ ನೋಡಿದರು. ಪ್ರತಿಜ್ಞೆ ಮಾಡಿದವರು ಬಾಯಿ ಬಿಡುವಂತಿಲ್ಲ. ಸೊಸೆ ಹನ್ನೆರಡು ಡಬ್ಬಿಗೂ ತುಂಬಿ ಮುಚ್ಚಳ ಬಿಗಿದು ಚೀಟಿ ಅಂಟಿಸಿದಳು. ಬಟ್ಟಲಲ್ಲಿ ಉಳಿದದ್ದನ್ನು ಅವಳು ಕೈಗೆ ಹಚ್ಚಿ ನೋಡುವ ಮೊದಲೇ ಅತ್ತೆ ಎತ್ತಿಕೊಂಡು ಹೋಗಿ ತೊಳೆದಿಟ್ಟರು. ಅತ್ತೆ ಸೋಪಿನ ಪಾತ್ರೆ ತೊಳೆದುಕೊಟ್ಟರಲ್ಲ ಎಂದು ಸೊಸೆಗೆ ಕಣ್ಣು ತುಂಬಿ ಬಂತು.

ಆಮೇಲಿನ ವಾರ ಬೇಕರಿಯಮ್ಮನಿಗೆ ಇದ್ದಕ್ಕಿದ್ದಂತೆ ವಾಕಿಂಗಿನ ಚಟ ಹತ್ತಿತು. ದಿನಕ್ಕೆ ಮೂರು ಸಲ ಬೀದಿಯ ತಿರುವಿನ ತನಕ ಹೋಗುವುದು, ಪಾರ್ಲರಿನ ಗಾಜಿಗೆ ಮೂಗು ತಾಗಿಸಿ ಕಿಟಕಿಯ ಹಲಗೆಯ ಮೇಲೆ ಹನ್ನೆರಡು ಎಣಿಸುವುದು, ಬರುವುದು. ಹನ್ನೆರಡೂ ನಿಂತಿದ್ದವು. ಪಕ್ಕದಲ್ಲಿದ್ದ ಕಂಪನಿ ಡಬ್ಬಿಗಳು ಬಿಸಿಲಿಗೆ ಸೊಂಟ ಮುರಿದು ಕೂತಿದ್ದವು. ಮೂರನೇ ದಿನ ಪಾರ್ಲರಿನಾಕೆ ಹೊರಗೆ ಬಂದು, ಹುಬ್ಬು ಮಾಡಿಸಬೇಕಿತ್ತಾ ಅಮ್ಮ ಎಂದು ಕೇಳಿದಳು. "ನನ್ನ ಹುಬ್ಬು ಅದರ ಜಾಗದಲ್ಲೇ ಇರಲಿ," ಎಂದು ಹೇಳಿ ಬಂದರು.

ವಾರ ತುಂಬಿದ ಶುಕ್ರವಾರ ಸಂಜೆ ಪಾರ್ಲರಿನಾಕೆ ಒಂದು ಡಬ್ಬಿ ಹಿಡಿದು ಮನೆಗೇ ಬಂದಳು. ಸೊಸೆ ಕುರ್ಚಿ ಒರೆಸಿ ಕೊಟ್ಟಳು. ಆಕೆ ಮುಚ್ಚಳ ತೆಗೆದು ಡಬ್ಬಿಯನ್ನು ತಲೆಕೆಳಗು ಮಾಡಿ ಹಿಡಿದಳು. ಸೋಪು ಬೀಳಲಿಲ್ಲ. ಸ್ಟೂಲಿನ ಮೇಲೆ ಕೂತಿದ್ದ ಬೇಕರಿಯಮ್ಮನ ಬೆನ್ನು ತಾನಾಗಿ ನೆಟ್ಟಗಾಯಿತು.

"ನಿಲ್ಲೋದೇನೋ ನಿಂತಿದೆ," ಎಂದಳು ಪಾರ್ಲರಿನಾಕೆ. "ಆದ್ರೆ ಒಂದು ಕೇಳ್ತೀನಿ. ಇದರಲ್ಲಿ ಸಕ್ಕರೆ ಎಲ್ಲಿ?"

ಮಧ್ಯಾಹ್ನ ಒಬ್ಬ ಗಿರಾಕಿಯ ಹಿಮ್ಮಡಿಗೆ ಇದನ್ನು ಹಚ್ಚಿ ಕಾಲು ಗಂಟೆ ಉಜ್ಜಿದಳಂತೆ. ಗಿರಾಕಿ ಸುಖವಾಗಿ ನಿದ್ದೆ ಹೋದಳು. ಹಿಮ್ಮಡಿ ಹೇಗಿತ್ತೋ ಹಾಗೇ ಇತ್ತು. ಅದೇ ಹೊತ್ತಿಗೆ ಮಗ ಕೆಲಸದಿಂದ ಬಂದ. ಪಾರ್ಲರಿನಾಕೆ ಅವನ ಕರಿ ಕೈಗೆ ಒಂದು ಚಮಚ ಹಾಕಿ ಉಜ್ಜಿಕೊಳ್ಳಿ ಎಂದಳು. ಅವನು ಉಜ್ಜಿಕೊಂಡ. ಕರಕರ ಸದ್ದಿಲ್ಲ. ಗ್ರೀಸ್ ನುಣ್ಣನೆ ಬೂದುಬಣ್ಣದ ನೊರೆಯಾಗಿ ಮೊಣಕೈ ತನಕ ಪ್ರಯಾಣ ಬೆಳೆಸಿತು.

"ಸಕ್ಕರೆ ಉಳಿಸೋಕೆ ಹೋಗಿದೀರಿ," ಎಂದಳು ಆಕೆ ಸೊಸೆಗೆ. "ಒಂದು ವಾರ ನೋಡ್ತಾ ನೋಡ್ತಾ ಎಷ್ಟು ಖುಷಿಪಟ್ಟೆ. ಮೊದಲನೇ ಸಲಕ್ಕೇ ಹೀಗೆ ಮಾಡೋದಾ?"

ಸೊಸೆಯ ಮುಖ ಬಿಳಿಚಿತು. "ಎರಡು ಬಟ್ಟಲು ಹಾಕಿದೀನಿ. ಅಳತೆ ತಪ್ಪಿಲ್ಲ. ಅತ್ತೆ ನೋಡಿದಾರೆ, ಅವರನ್ನೇ ಕೇಳಿ."

ಮೂವರೂ ಬೇಕರಿಯಮ್ಮನ ಕಡೆ ತಿರುಗಿದರು.

"ಹಾಕಿದಾಳೆ," ಎಂದರು ಬೇಕರಿಯಮ್ಮ. ಅಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು.

"ಹಾಗಾದ್ರೆ ಕಡೆದ ಕೈಗೆ ಕೆಲಸ ಗೊತ್ತಿಲ್ಲ. ಸಕ್ಕರೆ ಕರಗಿಸಿ ಹಾಳು ಮಾಡಿದಾರೆ."

ಬೇಕರಿಯಮ್ಮ ಸ್ಟೂಲಿನಿಂದ ಎದ್ದರು. ಎದ್ದದ್ದು ಅವರಿಗೇ ಗೊತ್ತಾಗಲಿಲ್ಲ.

"ಗೊತ್ತಿಲ್ವಾ, ಈ ಕೈಗೆ? ಕರಗಿಲ್ಲ ಕಣಮ್ಮಾ ಅದು. ಹಿಟ್ಟಿನ ಹಾಗೆ ಪುಡಿ ಮಾಡಿ, ತೆಳು ಬಟ್ಟೇಲಿ ಎರಡು ಸಲ ಜರಡಿ ಹಿಡಿದು ಹಾಕಿದೀನಿ. ನಲವತ್ತು ವರ್ಷದಲ್ಲಿ ನನ್ನ ಬಟ್ಟಲಲ್ಲಿ ಯಾರಿಗೂ ಒಂದು ಹರಳು ಸಿಕ್ಕಿಲ್ಲ. ಹಲ್ಲಿಗೆ ಹರಳು ಸಿಕ್ಕಿದ್ರೆ ಅದನ್ನ ಯಾರು ತಿಂತಾರೆ?"

ಪಾರ್ಲರಿನಾಕೆ ಕೈಯಲ್ಲಿದ್ದ ಡಬ್ಬಿಯನ್ನು ನಿಧಾನವಾಗಿ ತಿರುಗಿಸಿ, ಬೆಳಕಿಗೆ ಹಿಡಿದು, ಎರಡು ಸಲ ತಿದ್ದಿದ ಆ ದಪ್ಪ ಕೆಂಪು ಅಕ್ಷರಗಳನ್ನು ಒಂದೊಂದಾಗಿ ಓದಿದಳು.

"ಇದು ತಿನ್ನುವ ವಸ್ತುವಲ್ಲ."

ಆ ದಿನ ಆಕೆಯ ಹುಬ್ಬು ಸರಿಯಾದ ಜಾಗದಲ್ಲೇ ಇದ್ದಂತೆ ಕಂಡಿತು.

ಮಗ ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ನಲ್ಲಿಯನ್ನು ಪೂರ್ತಿ ಬಿಟ್ಟರೂ ನಗು ಹೊರಗೆ ಕೇಳಿಸುತ್ತಿತ್ತು. ಸೊಸೆ ನಗಲಿಲ್ಲ. ಅತ್ತೆಯನ್ನು ನೋಡಿದಳು, ಅತ್ತೆಯ ಮೊಣಕೈಯನ್ನು ನೋಡಿದಳು. "ಅಂದ್ರೆ ಅವತ್ತು ತಾನಾಗೇ ಗಟ್ಟಿಯಾಗಿದ್ದಲ್ಲ," ಎಂದಳು.

"ಆ ಗುಲಾಬಿ ಉಗುರಿನವಳಿಗೆ ನೊರೆ ನಿಲ್ಲಿಸೋಕೆ ಬರ್ತಿದ್ರೆ ಫೋನಲ್ಲಿ ಯಾಕೆ ಕೂತಿರ್ತಿದ್ಲು," ಎಂದು ಬೇಕರಿಯಮ್ಮ ಗೊಣಗಿದರು. ದನಿಯಲ್ಲಿ ಎಂದಿನ ಕಸುವಿರಲಿಲ್ಲ. ದಡ್ಡರು ಇದ್ದೇ ಇರುತ್ತಾರೆ ಎಂದು ಅರ್ಧ ಗಂಟೆ ವಾದಿಸಿದ್ದು ಅವರಿಗೆ ಅಕ್ಷರ ಬಿಡದೆ ನೆನಪಿತ್ತು. ಒಳ್ಳೆಯ ನೆನಪಿನ ಶಕ್ತಿಯ ದೊಡ್ಡ ತೊಂದರೆ ಇದೇ.

ಪಾರ್ಲರಿನಾಕೆ ವ್ಯಾಪಾರದವಳು. ತನ್ನ ಕಿಟಕಿಯಲ್ಲಿ ಇಷ್ಟು ದಿನ ಯಾವ ಕಂಪನಿಯ ಡಬ್ಬಿಯೂ ಹೀಗೆ ನಿಂತದ್ದಿಲ್ಲ ಎಂದಳು. ಇನ್ನೂ ಹನ್ನೆರಡು ಬೇಕು. ನಿಲ್ಲುವುದು ಹೀಗೇ ನಿಲ್ಲಬೇಕು, ಆದರೆ ಉಜ್ಜಿದರೆ ಸಕ್ಕರೆಯ ಸದ್ದು ಕಿವಿಗೆ ಬೀಳಬೇಕು. ಅದು ಸರಿಹೋದರೆ ಪ್ರತಿ ತಿಂಗಳೂ ಇವರದ್ದೇ. ಹೊರಡುವಾಗ ಬಾಗಿಲಲ್ಲಿ ನಿಂತು, "ಬರ್ತೀನಿ ಬೇಕರಿಯಮ್ಮ," ಎಂದಳು.

"ಇನ್ಮೇಲೆ ಹಾಗೆ ಕರೆಯೋ ಹಾಗಿಲ್ಲ," ಎಂದ ಬಚ್ಚಲಿನಿಂದ ಹೊರಬಂದ ಮಗ, ಕಣ್ಣೊರೆಸಿಕೊಳ್ಳುತ್ತಾ. "ಅಮ್ಮನೇ ಹೇಳಿದಾಳೆ." ಎರಡು ದಿನದಲ್ಲಿ ಬೀದಿಗೆಲ್ಲ ಸುದ್ದಿ ಹಬ್ಬಿ, ನಲವತ್ತು ವರ್ಷದ ಬೇಕರಿಯಮ್ಮ ಹೋಗಿ ಸೋಪಮ್ಮ ಬಂದರು.

ಸೋಮವಾರ ಹೊಸ ಸೋಪಿನ ಡಬ್ಬ ಬಂತು. ಬೀರುವಿನ ಮೇಲಿನ ಮೆಷಿನ್ ಬೆಡ್‌ಶೀಟು ಕಳಚಿ ಕೆಳಗಿಳಿಯಿತು. ಇಳಿಸಿ ಎಂದು ಯಾರೂ ಕೇಳಿರಲಿಲ್ಲ. ಆ ಬಾಟಲಿ ನೊಣದ ಸದ್ದು ಕೇಳಲಾರೆ ಎಂದು ಸೋಪಮ್ಮ ತಾವೇ ಇಳಿಸಿದರು. ಅಂದು ಅಡುಗೆಮನೆಯಲ್ಲಿ ಅವರದ್ದೇ ರಾಜ್ಯಭಾರ. ಒಲೆ ಆರಿಸು. ಐಸ್ ತಾ. ಎಣ್ಣೆ ಹನಿ ಹನಿ, ಇದೇನು ತಲೆಗೆ ಹಚ್ಚೋದಾ. ಸಾಕು ನಿಲ್ಲಿಸು, ಇನ್ನು ಕಡೆದರೆ ಕುಸಿಯುತ್ತೆ. ಸೊಸೆ ಒಂದಕ್ಕೂ ಎದುರಾಡಲಿಲ್ಲ. ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನೊರೆ ಎದ್ದಿತು, ತುದಿ ಮೂಗಿನಷ್ಟು ಬಾಗಿತು. ಸೋಪಮ್ಮ ಬಟ್ಟಲನ್ನು ತಲೆಯ ಮೇಲೆ ಕವುಚಿ ಹಿಡಿದು ಹತ್ತು ಎಣಿಸಿದರು. ಈ ಸಲ ಪೂರ್ತಿ ಹತ್ತು.

ಸೊಸೆ ಸಕ್ಕರೆಯ ಡಬ್ಬಿಯನ್ನು ಕೈಗೆತ್ತಿಕೊಂಡಳು. ಡಬ್ಬಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಅತ್ತೆಯ ಕಣ್ಣು ಡಬ್ಬಿಯೊಳಗಿನ ದಪ್ಪ ದಪ್ಪ ಹರಳಿನ ಮೇಲೆ ನೆಟ್ಟಿತ್ತು. ಎಡಗಣ್ಣು ಹೊಡೆದುಕೊಳ್ಳುತ್ತಿತ್ತು.

"ಅತ್ತೆ," ಎಂದಳು ಸೊಸೆ ಬಹಳ ಮರ್ಯಾದೆಯಿಂದ, "ಸಕ್ಕರೆ ಹಾಕೋ ಹೊತ್ತಾಯ್ತು. ಒಂದೈದು ನಿಮಿಷ ಹೊರಗೆ ಕೂತಿರ್ತೀರಾ?"

ಸೋಪಮ್ಮ ಸೆರಗು ಬಿಚ್ಚಿ ಸರಿಮಾಡಿಕೊಂಡು, ತಲೆ ಎತ್ತಿ, ಗಂಭೀರವಾಗಿ ಬಾಗಿಲಿನ ತನಕ ನಡೆದರು. ಹಿಂದಿನಿಂದ ಸೊಸೆಯ ದನಿ ಮತ್ತೊಮ್ಮೆ ಬಂತು.

"ಹಾಗೇ ಹೋಗ್ತಾ, ಆ ಮಿಕ್ಸಿ ಜಾರನ್ನೂ ಜೊತೆಗೆ ತಗೊಂಡು ಹೋಗಿ ಅತ್ತೆ."